ಮನೆಯ ಹೊಲಿಗೆ, ಕಸೂತಿ ಕೆಲಸ: ಕಾಲ ಬದಲಾದಾಗ ಏನು ಬಿಡಬೇಕು, ಏನು ಹಿಡಿಯಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ಯಾವ ಓಣಿಗೆ ಹೋದರೂ ಒಂದಲ್ಲ ಒಂದು ಮನೆಯ ಬಾಗಿಲಿಗೆ "ಬ್ಲೌಸ್, ಫಾಲ್ಸ್, ಪಿಕೋ" ಎಂಬ ಹಲಗೆ ನೇತಾಡುತ್ತಿರುತ್ತದೆ. ಹಲಗೆಯ ಮಾತು ಬದಲಾಗಿಲ್ಲ, ಕೆಲಸ ಬದಲಾಗಿದೆ. ಚೂಡಿದಾರ, ಮಕ್ಕಳ ಫ್ರಾಕುಗಳನ್ನು ರೆಡಿಮೇಡ್ ಅಂಗಡಿ ಮತ್ತು ಮೊಬೈಲ್ ಆ್ಯಪ್‌ಗಳು ಹೆಚ್ಚುಕಡಿಮೆ ನುಂಗಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಟಿಕೆಟ್ ಖರ್ಚಿಲ್ಲದೆ ಪೇಟೆಗೆ ಹೋಗುತ್ತಾರೆ, ಅಲ್ಲಿನ ಬ್ಲೌಸ್ ಡಿಸೈನ್ ನೋಡಿ ಬಂದು ಅಂಥದ್ದೇ ಕೇಳುತ್ತಾರೆ. ಮಗ್ಗಂ ವರ್ಕ್ (ಬಟ್ಟೆಯನ್ನು ಫ್ರೇಮಿಗೆ ಬಿಗಿದು ಜರಿ, ಮಣಿ, ಕಲ್ಲು ಹಾಕುವ ಕೈಕಸೂತಿ) ಇಲ್ಲದ ಮದುವೆಯ ಬ್ಲೌಸೇ ಇಲ್ಲ ಎಂಬಂತಾಗಿದೆ. ಇದರ ಮೇಲೆ ಮಳೆ, ಕಾಲುವೆ ನೀರು, ಕರೆಂಟು, ಮನೆಯವರ ಆರೋಗ್ಯ, ಎಲ್ಲವೂ ಮಷಿನ್ ಮುಂದೆ ಕುಳಿತವರ ದುಡಿಮೆಯನ್ನು ಅಲುಗಾಡಿಸುತ್ತವೆ.

ಇಂಥ ಹೊತ್ತಿನಲ್ಲಿ ಬಹಳ ಮಂದಿ ಮಾಡುವ ಮೊದಲ ಕೆಲಸ ಹೊಸ ಮಷಿನ್ ಕೊಳ್ಳುವುದು ಅಥವಾ ಹೊಸ ಕೋರ್ಸಿಗೆ ಸೇರುವುದು. ಎರಡೂ ಆಮೇಲಿನ ಮಾತು. ಮೊದಲು ಒಂದು ನೋಟ್‌ಬುಕ್ಕು, ಒಂದು ಗಡಿಯಾರ ಸಾಕು.

ಎರಡು ವಾರ ತಾಸಿನ ಲೆಕ್ಕ ಬರೆಯಿರಿ

ಪ್ರತಿ ಕೆಲಸಕ್ಕೂ ಮೂರು ಅಂಕಿ ಬರೆದಿಡಿ: ಕೈಗೆ ಬಂದ ಹಣ, ಹಾಕಿದ ಸಾಮಾನಿನ ಖರ್ಚು, ಹಿಡಿದ ಸಮಯ. ಸಮಯವೆಂದರೆ ಮಷಿನ್ ಓಡಿದಷ್ಟೇ ಅಲ್ಲ. ಅಳತೆ ತೆಗೆದುಕೊಂಡದ್ದು, ಗಿರಾಕಿಯ ಜೊತೆ ಮಾತಾಡಿದ್ದು, ಕಟಿಂಗ್, ಹುಕ್ಸ್ ಕಟ್ಟಿದ್ದು, ಕೈಹೊಲಿಗೆ, ಇಸ್ತ್ರಿ ಎಲ್ಲ ಸೇರಬೇಕು.

ಲೆಕ್ಕ ಹಾಕುವ ಬಗೆಗೆ ಒಂದು ಉದಾಹರಣೆ. ಲೈನಿಂಗ್ ಬ್ಲೌಸಿಗೆ ₹300 ತೆಗೆದುಕೊಳ್ಳುತ್ತೀರಿ ಎಂದಿಟ್ಟುಕೊಳ್ಳಿ. ಲೈನಿಂಗ್ ₹60, ದಾರ, ಹುಕ್ಸ್, ಕ್ಯಾನ್ವಾಸ್ ₹15, ಕರೆಂಟು ಮತ್ತು ಮಷಿನ್ ಸವಕಳಿ ₹10. ಉಳಿದದ್ದು ₹215. ಅಳತೆ, ಮಾತುಕತೆ 15 ನಿಮಿಷ, ಕಟಿಂಗ್ 25, ಹೊಲಿಗೆ 90, ಕೈಕೆಲಸ 35, ಇಸ್ತ್ರಿ 10. ಒಟ್ಟು 175 ನಿಮಿಷ. ತಾಸಿಗೆ ಸುಮಾರು ₹74 ಬಿತ್ತು.

ಈಗ ಮಗ್ಗಂ ಬ್ಲೌಸ್. ₹1,500 ವರ್ಕಿಗೆ ಸಾಮಾನು ₹350 ಹೋದರೆ ₹1,150 ಉಳಿಯುತ್ತದೆ. ಟ್ರೇಸಿಂಗ್, ಫ್ರೇಮ್ ಕಟ್ಟುವುದಕ್ಕೆ ಒಂದೂವರೆ ತಾಸು, ಕೈಕೆಲಸಕ್ಕೆ 16 ತಾಸು. ತಾಸಿಗೆ ₹66 ಕೂಡ ಮುಟ್ಟುವುದಿಲ್ಲ. ಅದೇ ಹಳೆಯ ಬ್ಲೌಸಿನ ಪಕ್ಕ ಸಡಿಲಿಸುವ ಆಲ್ಟ್ರೇಷನ್ನಿಗೆ ₹50, 20 ನಿಮಿಷ, ದಾರಕ್ಕೆ ₹2. ತಾಸಿಗೆ ₹144.

ನಿಮ್ಮ ಓಣಿಯ ರೇಟು ಬೇರೆ ಇರಬಹುದು, ಕೈವೇಗ ಬೇರೆ ಇರಬಹುದು. ಆದರೆ ದೊಡ್ಡ ಮೊತ್ತದ ಕೆಲಸ ತಾಸಿನ ಲೆಕ್ಕದಲ್ಲಿ ಕಡಿಮೆ, ಬೇಜಾರಿನ ಚಿಲ್ಲರೆ ಕೆಲಸ ಹೆಚ್ಚು ಎಂಬುದು ಬಹುತೇಕ ಎಲ್ಲ ನೋಟ್‌ಬುಕ್ಕುಗಳಲ್ಲೂ ಹೊರಬೀಳುತ್ತದೆ. ರೆಡಿಮೇಡ್ ಹೆಚ್ಚಾದಷ್ಟೂ ಆಲ್ಟ್ರೇಷನ್ ಹೆಚ್ಚುತ್ತದೆ: ಆನ್‌ಲೈನ್ ಕುರ್ತಾದ ತೋಳು ಬಿಗಿ, ಪ್ಯಾಂಟ್ ಉದ್ದ, ರೆಡಿಮೇಡ್ ಬ್ಲೌಸ್ ಭುಜ ಜಾರುತ್ತದೆ. "ಆಲ್ಟ್ರೇಷನ್ ಮಾಡಂಗಿಲ್ರಿ" ಎಂದು ಕಳಿಸುವ ಟೇಲರ್ ಅತಿ ಒಳ್ಳೆಯ ಗಳಿಕೆಯನ್ನು ಪಕ್ಕದ ಮನೆಗೆ ಕಳಿಸುತ್ತಿರುತ್ತಾಳೆ. ದಿನಕ್ಕೊಂದು ತಾಸು, ಸಾಯಂಕಾಲ 4ರಿಂದ 5 ಎಂದು ಇಟ್ಟುಕೊಂಡು, ಕಾಯುತ್ತಿದ್ದಂತೆ ಮಾಡಿ ಕೊಟ್ಟರೆ ಉದ್ರಿಯ ಪ್ರಶ್ನೆಯೂ ಬರುವುದಿಲ್ಲ.

ಎರಡು ವಾರದ ಕೊನೆಗೆ ಪಟ್ಟಿಯ ತಳದಲ್ಲಿರುವ ಒಂದು ಕೆಲಸವನ್ನು ಬಿಡಿ ಇಲ್ಲವೆ ಅದರ ರೇಟು ಏರಿಸಿ. ಒಂದು ಸೀಸನ್ನಿಗೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಲಾಭ ಯಾವುದರಿಂದ ಬಂತು, ನಷ್ಟ ಯಾವುದರಿಂದ ಆಯಿತು ತಿಳಿಯುವುದಿಲ್ಲ.

ಪಂಚಾಂಗ, ಪೈರು, ಶಾಲೆ: ಮೂರನ್ನೂ ಒಂದೇ ಹಾಳೆಗೆ ತನ್ನಿ

ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಮೂರು ಬಣ್ಣದ ಪೆನ್ನಿನಿಂದ ಗುರುತು ಹಾಕಿ. ಒಂದು ಬಣ್ಣ ಲಗ್ನಕ್ಕೆ. ಸಂಕ್ರಾಂತಿ ದಾಟಿದ ಮೇಲೆ ಮೇ ತನಕ ಒತ್ತಡ, ಆಷಾಢ ಮತ್ತು ಧನುರ್ಮಾಸದಲ್ಲಿ ಖಾಲಿ. ಅಧಿಕ ಮಾಸ ಬಂದ ವರ್ಷ ಈ ಲೆಕ್ಕ ತಪ್ಪುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15. ಅಂದರೆ ಮೇ ಕೊನೆಯ ಲಗ್ನದ ಬ್ಲೌಸುಗಳನ್ನು ನಂಬಿ ಲೈನಿಂಗ್ ಥಾನು ತಂದಿಟ್ಟವರಿಗೆ ಹಣ ಕಟ್ಟಿಹಾಕಿದಂತೆ. (ಅಧಿಕ ಮಾಸದಲ್ಲಿ ಅಳಿಯ, ಮಗಳಿಗೆ ಬಟ್ಟೆ ಕೊಡುವ ಮನೆಗಳಿರುತ್ತವೆ. ಆ ಖಣ, ಬ್ಲೌಸ್ ಪೀಸುಗಳು ತಡವಾಗಿಯಾದರೂ ಹೊಲಿಗೆಗೆ ಬರುತ್ತವೆ.) ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ, ಅದರ ಬೆನ್ನಿಗೇ ರಂಜಾನ್ ಹಬ್ಬ. ಇಂಥ ವರ್ಷ ಎರಡೂ ಮನೆಗಳ ಬಟ್ಟೆ ಒಂದೇ ವಾರದಲ್ಲಿ ಕೇಳಿಬರುವುದರಿಂದ ಮೂರು ವಾರ ಮೊದಲೇ ಹೊಸ ಬಟ್ಟೆ ಹಿಡಿಯುವುದನ್ನು ನಿಲ್ಲಿಸಬೇಕು.

ಎರಡನೇ ಬಣ್ಣ ಹಣ ಬರುವ ಕಾಲಕ್ಕೆ. ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಮುಂಗಾರು ಬೆಳೆಯ ಹಣ ನವೆಂಬರ್, ಡಿಸೆಂಬರಿನಲ್ಲಿ, ಎರಡನೇ ಬೆಳೆಯದು ಏಪ್ರಿಲ್, ಮೇದಲ್ಲಿ ಓಡಾಡುತ್ತದೆ. ತುಂಗಭದ್ರೆಯ ನೀರು ಎರಡನೇ ಬೆಳೆಗೆ ಸಿಗುವುದಿಲ್ಲ ಎಂದು ಗೊತ್ತಾದ ದಿನವೇ ಮುಂದಿನ ಬೇಸಿಗೆಯ ಮಗ್ಗಂ ಆರ್ಡರು ಇಳಿಯುತ್ತದೆ ಎಂದು ತಿಳಿಯಿರಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಆಯಕಟ್ಟಿನ ಊರುಗಳೆಲ್ಲ ಉಸಿರು ಹಿಡಿದು ಕೂತಿದ್ದವು. ಹೊಲಿಗೆಯವರಿಗೂ ಅದು ಸಂಬಂಧಪಟ್ಟ ಸುದ್ದಿಯೇ. ನೀರಿಲ್ಲದ ವರ್ಷ ಲಗ್ನ ನಿಲ್ಲುವುದಿಲ್ಲ, ₹3,000ದ ವರ್ಕ್ ₹800ಕ್ಕೆ ಇಳಿಯುತ್ತದೆ. ಆ ₹800ರ ಡಿಸೈನ್ ನಿಮ್ಮ ಪುಸ್ತಕದಲ್ಲಿ ಮೊದಲೇ ತಯಾರಿರಬೇಕು: ಕುತ್ತಿಗೆಗೆ ಒಂದೆಳೆ ಜರಿ, ತೋಳಿನ ಅಂಚಿಗೆ ಒಂದು ಸಾಲು ಮಣಿ, ಬೆನ್ನಿಗೆ ಒಂದೇ ಬುಟ್ಟಾ, ಒಟ್ಟು ಐದಾರು ತಾಸಿನ ಕೆಲಸ.

ಮೂರನೆಯದು ಶಾಲೆಗೆ. ಮೇ ಕೊನೆಯಿಂದ ಜುಲೈ ತನಕ ಸಮವಸ್ತ್ರ. ಲಗ್ನ ಖಾಲಿಯಿರುವ ಆಷಾಢಕ್ಕೆ ಇದು ಸರಿಯಾಗಿ ಕೂಡುತ್ತದೆ.

ಸಮವಸ್ತ್ರ: ಒಂದೊಂದಾಗಿ ಹೊಲಿದರೆ ನಷ್ಟ

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯ ಬಟ್ಟೆ ಸಿಗುತ್ತದೆ, ಹೊಲಿಸಿಕೊಳ್ಳುವ ಖರ್ಚು ಪಾಲಕರದು. ರೇಟು ಕಡಿಮೆ ಇರಲೇಬೇಕಾದ ಕೆಲಸವಿದು. ಹಾಗಾಗಿ ಗಳಿಕೆ ವೇಗದಲ್ಲಿ ಮಾತ್ರ.

ಸಣ್ಣ, ಮಧ್ಯಮ, ದೊಡ್ಡದು ಎಂದು ಮೂರು ಅಳತೆಯ ಮಾದರಿ ಅಂಗಿ ಹೊಲಿದಿಟ್ಟುಕೊಳ್ಳಿ. ಮಗುವಿಗೆ ತೊಡಿಸಿ ನೋಡಿ, "ಮಧ್ಯಮ, ಉದ್ದ ಒಂದು ಇಂಚು ಜಾಸ್ತಿ" ಎಂದಷ್ಟೇ ಬರೆದುಕೊಳ್ಳಿ. ಒಂದೇ ಅಳತೆಯ ಹತ್ತು ಅಂಗಿ ಕೂಡುವವರೆಗೆ ಕಟಿಂಗ್ ಮಾಡಬೇಡಿ. ಕತ್ತರಿಯಿಂದ ನಾಲ್ಕು ಪದರಕ್ಕಿಂತ ಹೆಚ್ಚು ಕತ್ತರಿಸಿದರೆ ಕೆಳಗಿನ ಪದರ ಜಾರಿ ಅಳತೆ ಕಾಲು ಇಂಚು ತಪ್ಪುತ್ತದೆ. ಹತ್ತೂ ಕಾಲರ್ ಮೊದಲು, ಹತ್ತೂ ಜೇಬು ಆಮೇಲೆ, ನಂತರ ಭುಜ, ತೋಳು, ಪಕ್ಕ. ದಾರ ಕತ್ತರಿಸದೆ ಒಂದರ ಹಿಂದೊಂದು ತುಂಡು ಮಷಿನ್ನಿಗೆ ಕೊಡುತ್ತಾ ಹೋಗಿ, ಕೊನೆಗೆ ಒಟ್ಟಿಗೆ ಬಿಡಿಸಿ. ಪ್ರತಿ ಮಗುವಿನ ಬಟ್ಟೆಯ ತುಂಡಿಗೂ ಹೆಸರು ಬರೆದ ಚೀಟಿ ಪಿನ್ ಮಾಡಿ. ಬಣ್ಣ ಒಂದೇ ಆದ್ದರಿಂದ ಕಲಸಿಹೋದರೆ ಬೇರೆ ಮಾಡುವುದು ಕಷ್ಟ. ಪಕ್ಕಕ್ಕೆ ಒಂದು ಇಂಚು, ಕೆಳ ಅಂಚಿಗೆ ಎರಡು ಇಂಚು ಒಳಮಡಿಕೆ ಬಿಡಿ. ಮುಂದಿನ ಜನವರಿಯಲ್ಲಿ ಅದೇ ಅಂಗಿ ಆಲ್ಟ್ರೇಷನ್ನಿಗೆ ಬರುತ್ತದೆ.

ಮಗ್ಗಂ ವರ್ಕ್: ಎಲ್ಲಿ ಕೆಡುತ್ತದೆ, ಯಾಕೆ

ಮಗ್ಗಂ ಕಲಿತ ಕೈಗಳು ಹೆಚ್ಚಾಗಿವೆ, ಆದ್ದರಿಂದ ರೇಟು ಬೇಕಾಬಿಟ್ಟಿ ಏರಿಸಲಾಗದು. ತಾಸಿನ ಗಳಿಕೆ ಹೆಚ್ಚಬೇಕಾದರೆ ಬಿಚ್ಚಿ ಮತ್ತೆ ಹಾಕುವ ಕೆಲಸ ಕಡಿಮೆಯಾಗಬೇಕು. ಸಾಮಾನ್ಯವಾಗಿ ಕೆಡುವ ಜಾಗಗಳು ಇವು.

ಫ್ರೇಮ್ ಸಡಿಲ. ಬ್ಲೌಸ್ ಪೀಸಿನ ನಾಲ್ಕೂ ಅಂಚಿಗೆ ಹಳೆಯ ಕಾಟನ್ ಬಟ್ಟೆಯ ಮೂರು ಇಂಚಿನ ಪಟ್ಟಿ ಹೊಲಿದು, ಆ ಪಟ್ಟಿಯನ್ನೇ ಫ್ರೇಮಿಗೆ ಎಳೆದು ಕಟ್ಟಬೇಕು. ಬೆರಳಿಂದ ತಟ್ಟಿದರೆ ಹಲಗೆಯಂಥ ಸಪ್ಪಳ ಬರಬೇಕು. ಸಡಿಲಿದ್ದ ಬಟ್ಟೆಯಲ್ಲಿ ದಾರ ಬಿಗಿಯಾಗಿ ಎಳೆದರೆ ಫ್ರೇಮಿನಿಂದ ಬಿಚ್ಚಿದ ಕೂಡಲೇ ಸುಕ್ಕುಗಟ್ಟುತ್ತದೆ. ಆಮೇಲೆ ಯಾವ ಇಸ್ತ್ರಿಯೂ ಅದನ್ನು ತೆಗೆಯುವುದಿಲ್ಲ.

ಕತ್ತರಿಸಿದ ಮೇಲೆ ವರ್ಕ್. ಮೊದಲು ಪೂರ್ತಿ ಬಟ್ಟೆಯ ಮೇಲೆ ಮುಂಭಾಗ, ಬೆನ್ನು, ತೋಳುಗಳ ಹೊಲಿಗೆ ಗೆರೆ ಮತ್ತು ಕಟಿಂಗ್ ಗೆರೆ ಎರಡನ್ನೂ ಎಳೆಯಿರಿ. ವರ್ಕ್ ಮುಗಿದು ಫ್ರೇಮ್ ಬಿಚ್ಚಿದ ಮೇಲೆ ಮತ್ತೊಮ್ಮೆ ಅಳೆದು ಆಮೇಲೆ ಕತ್ತರಿ ಹಾಕಿ. ವರ್ಕ್ ತುಂಬಿದ ಭಾಗ ಸ್ವಲ್ಪ ಕುಗ್ಗಿರುತ್ತದೆ.

ಹೊಲಿಗೆ ದಾರಿಯಲ್ಲಿ ಮಣಿ. ಭುಜ, ಕಂಕುಳು, ಪಕ್ಕದ ಹೊಲಿಗೆ ಗೆರೆಯಿಂದ ಅರ್ಧ ಇಂಚು ಒಳಗೇ ಮಣಿ, ಕಟ್‌ದಾನ, ಕಲ್ಲು ನಿಲ್ಲಬೇಕು. ಕುತ್ತಿಗೆಗೆ ಪೈಪಿಂಗ್ ಬರುವುದಿದ್ದರೆ ಕಾಲು ಇಂಚು ಬಿಡಿ. ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ಮುರಿದ ತುದಿ ಶಟಲ್ಲಿಗೆ ಬಿದ್ದರೆ ಮಷಿನ್ನೂ ಕೆಡುತ್ತದೆ. ತೀರಾ ಹತ್ತಿರ ಬಂದುಬಿಟ್ಟಿದ್ದರೆ ಜಿಪ್ ಹೊಲಿಯುವ ಒಂದು ಕಾಲಿನ ಫೂಟ್ ಹಾಕಿ ನಿಧಾನವಾಗಿ ಹೊಲಿಯಿರಿ.

ಟ್ರೇಸಿಂಗ್ ಕಲೆ. ಡಿಸೈನ್ ಬರೆದ ಬಟರ್ ಪೇಪರಿನ ಮೇಲೆ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಟ್ರೇಸಿಂಗ್ ಪುಡಿಯನ್ನು ಸೀಮೆಎಣ್ಣೆಯಲ್ಲಿ ಕಲಸಿ ಒರೆಸುವುದು ಹಳೆಯ ಪದ್ಧತಿ. ಗಾಢ ಬಣ್ಣಕ್ಕೆ ಬಿಳಿ ಪುಡಿ, ತಿಳಿ ಬಣ್ಣಕ್ಕೆ ನೀಲಿ. ರೇಷ್ಮೆಗಾದರೆ ಮೊದಲು ಮೂಲೆಯಲ್ಲಿ ಒರೆಸಿ ಕಾದು ನೋಡಿ. ಸೀಮೆಎಣ್ಣೆ ಸಿಗದೆಂದು ಪೆಟ್ರೋಲ್ ಬಳಸಬೇಡಿ. ಅಡುಗೆ ಒಲೆ ಇರುವ ಮನೆಯಲ್ಲಿ ಅದು ಬೆಂಕಿಯ ಜೊತೆ ಆಟ. ಹಳದಿ ಅಥವಾ ಬಿಳಿ ಕಾರ್ಬನ್ ಪೇಪರಿನಿಂದಲೂ ಕೆಲಸ ನಡೆಯುತ್ತದೆ.

ಅಂಟು. ಕಲ್ಲನ್ನು ಗಮ್ಮಿನಿಂದ ಅಂಟಿಸಿ ಬಿಟ್ಟರೆ ನಮ್ಮ ಬೇಸಿಗೆಯಲ್ಲಿ ನಿಲ್ಲುವುದಿಲ್ಲ. ಬಳ್ಳಾರಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬೆವರು ಸೇರಿದರೆ ಒಂದೇ ಮದುವೆಗೆ ಕಲ್ಲು ಉದುರುತ್ತವೆ. ಅಂಟಿಸಿದ ಮೇಲೂ ಸುತ್ತ ದಾರ ಹಾಕಿ ಹಿಡಿಯಿರಿ. ಕೊಡುವಾಗ "ಪ್ಲಾಸ್ಟಿಕ್ ಕವರಿನ್ಯಾಗ ಇಡಬ್ಯಾಡ್ರಿ, ಬಿಳಿ ಕಾಟನ್ ಬಟ್ಟ್ಯಾಗ ಸುತ್ತಿಡ್ರಿ, ಸೆಂಟ್ ಹೊಡೀಬ್ಯಾಡ್ರಿ" ಎಂದು ಹೇಳಿ. ಜರಿ ಕಪ್ಪಾಗುವುದಕ್ಕೆ ಇವೇ ದೊಡ್ಡ ಕಾರಣ. ಇಸ್ತ್ರಿ ಯಾವಾಗಲೂ ಮಗುಚಿ ಹಾಕಿ, ಕೆಳಗೆ ದಪ್ಪ ಟವೆಲ್ ಇಟ್ಟು.

ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಕೊಳ್ಳಬೇಕೆ? ಮೊದಲು ಒಂದು ವರ್ಷ ಪೇಟೆಯ ಘಟಕಕ್ಕೆ ಕೆಲಸ ಕೊಟ್ಟು ನೋಡಿ. ಅಲ್ಲಿ ರೇಟು ಸಾಮಾನ್ಯವಾಗಿ ಸಾವಿರ ಹೊಲಿಗೆಗೆ ಇಷ್ಟು ಎಂದಿರುತ್ತದೆ. 24,000 ಹೊಲಿಗೆಯ ಡಿಸೈನ್ ನಿಮಿಷಕ್ಕೆ 600ರ ವೇಗದಲ್ಲಿ 40 ನಿಮಿಷ. ದಾರ ಬದಲಿಸುವುದು, ಫ್ರೇಮ್ ಹಾಕುವುದು ಸೇರಿ ಒಂದು ತಾಸು. ನಿಮ್ಮ ಬಳಿ ದಿನಕ್ಕೆ ಇಂಥ ಐದಾರು ಆರ್ಡರ್ ಖಾಯಂ ಇಲ್ಲದಿದ್ದರೆ ಮಷಿನ್ನಿನ ಕಂತು ಬ್ಲೌಸ್ ಹೊಲಿಗೆಯ ಹಣದಿಂದ ಹೋಗುತ್ತದೆ. ಅಂಚಿನ ಬಳ್ಳಿ, ಬುಟ್ಟಾ ಹೊರಗೆ ಮಾಡಿಸಿ, ಅದರ ಮೇಲೆ ಮಣಿ, ಕಲ್ಲಿನ ಕೈಕೆಲಸ ನೀವು ಹಾಕಿದರೆ 16 ತಾಸಿನ ಬ್ಲೌಸ್ ಆರು ತಾಸಿಗೆ ಇಳಿಯುತ್ತದೆ. ಗಿರಾಕಿಗೆ ಇದನ್ನು ಮುಚ್ಚಿಡಬೇಡಿ, ಪೂರ್ತಿ ಕೈಕೆಲಸಕ್ಕೊಂದು, ಮಿಶ್ರಕ್ಕೊಂದು ರೇಟು ಹಲಗೆಯ ಮೇಲೆ ಬರೆಯಿರಿ.

ಹೆಸರಿನ ಬಗ್ಗೆಯೂ ಒಂದು ಎಚ್ಚರಿಕೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ (ಜಿಐ, ಆ ಸೀಮೆಯ ಸರಕಿಗಷ್ಟೇ ಸಲ್ಲುವ ಹೆಸರು) ರಕ್ಷಣೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನೂ ಸೇರಿತು. ಹೆಸರಿಗೆ ಬೆಲೆ ಬಂದಿದೆ ಎಂದು ಕನ್ನಡಿ ಹಚ್ಚಿದ ಮಷಿನ್ ವರ್ಕನ್ನು "ಸಂಡೂರು ಲಂಬಾಣಿ" ಎಂದು ಮಾರಿದರೆ ಕಾನೂನಿನ ತೊಂದರೆ. ನೀವು ಆ ಕಸೂತಿ ಬಲ್ಲ ತಾಂಡಾದವರೇ ಆಗಿದ್ದರೆ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಆ ಹೆಸರಿನಲ್ಲೇ ಮಾರುವುದು ಮಗ್ಗಂಗಿಂತ ಗಟ್ಟಿ ದಾರಿ.

ಜೀನ್ಸ್: ಜಾಬ್ ವರ್ಕ್ ಮತ್ತು ಚೂರು ಬಟ್ಟೆ

ಬಳ್ಳಾರಿಯಲ್ಲಿರುವವರಿಗೆ ಖಾಲಿ ತಿಂಗಳುಗಳಲ್ಲಿ ಜೀನ್ಸ್ ಘಟಕಗಳ ಜಾಬ್ ವರ್ಕ್, ಅಂದರೆ ಅವರು ಕೊಟ್ಟ ಬಟ್ಟೆಯನ್ನು ಕೂಲಿಗೆ ಹೊಲಿಯುವುದು, ಕೈಗೆ ಸಿಗುವ ಕೆಲಸ. ತಾಸಿನ ಗಳಿಕೆ ಕಡಿಮೆ, ಆದರೆ ಗಿರಾಕಿ ಹುಡುಕುವ ತೊಂದರೆಯಿಲ್ಲ. ಬಂಡಲ್ ಮನೆಗೆ ತರುವ ಮೊದಲು ನಾಲ್ಕು ಮಾತು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ: ರೇಟು ಪೀಸಿಗೋ ಒಂದೊಂದು ಕೆಲಸಕ್ಕೋ, ದಾರ ಯಾರದು, ಬಿಚ್ಚಿ ಹೊಲಿಯಬೇಕಾದರೆ ಅದರ ಕೂಲಿ ಯಾರದು, ಹಣ ಯಾವ ವಾರ. ಪೀಸುಗಳನ್ನು ಅಲ್ಲೇ ಎಣಿಸಿ. ಒಂದು ಕಡಿಮೆಯಿದ್ದರೆ ಅದರ ಹಣ ನಿಮ್ಮ ಕೂಲಿಯಲ್ಲೇ ಮುರಿಯುತ್ತಾರೆ.

ಮನೆಬಳಕೆಯ ಮಷಿನ್ನಿನಲ್ಲಿ ಜೀನ್ಸ್ ಹೊಲಿಯುವಾಗ ಸೂಜಿ 16, ದಪ್ಪ ಜಾಗಕ್ಕೆ 18. ಟಾಕಿ (ಒಂದೊಂದು ಹೊಲಿಗೆ) ಉದ್ದ 3ರಿಂದ 3.5 ಮಿಲಿಮೀಟರ್. ನಾಲ್ಕಾರು ಪದರ ಸೇರುವ ಜಾಗವನ್ನು ಮರದ ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಅಲ್ಲಿ ಕೈಯಿಂದ ಚಕ್ರ ತಿರುಗಿಸಿ ದಾಟಿಸಿ. ಟಾಕಿ ಬಿಟ್ಟುಹೋಗುತ್ತಿದ್ದರೆ ಮೊದಲ ಅನುಮಾನ ಸೂಜಿಯ ಮೇಲೆ. ಮೊಂಡಾಗಿದೆ, ಬಾಗಿದೆ ಅಥವಾ ಪೂರ್ತಿ ಮೇಲಕ್ಕೆ ಕೂತಿಲ್ಲ. ಟೆನ್ಷನ್ ಮುಟ್ಟುವುದು ಅದರ ನಂತರ.

ಘಟಕಗಳು ಮುಚ್ಚಿದಾಗಲೋ ಮಷಿನ್ ಬದಲಿಸಿದಾಗಲೋ ಹಳೆಯ ಇಂಡಸ್ಟ್ರಿಯಲ್ ಮಷಿನ್ ಅಗ್ಗಕ್ಕೆ ಸಿಗುತ್ತವೆ. ಅಲ್ಲೊಂದು ಹೊಂಡವಿದೆ. ಜೀನ್ಸಿನ ಹೆವಿ ಮಷಿನ್ನಿನಲ್ಲಿ ಸೂಜಿ ಇಳಿಯುವ ಪ್ಲೇಟಿನ ತೂತು ದೊಡ್ಡದು, ಬಟ್ಟೆ ಎಳೆಯುವ ಹಲ್ಲು ಒರಟು. ಅದರಲ್ಲಿ ರೇಷ್ಮೆ ಬ್ಲೌಸ್ ಹಾಕಿದರೆ ಬಟ್ಟೆ ತೂತಿನೊಳಗೆ ಎಳೆದುಕೊಂಡು ಸುಕ್ಕಾಗುತ್ತದೆ. ಪ್ಲೇಟು, ಹಲ್ಲು, ಫೂಟ್ ಮೂರನ್ನೂ ತೆಳು ಬಟ್ಟೆಯ ಸೆಟ್ಟಿಗೆ ಬದಲಿಸಬಹುದು, ಆ ಖರ್ಚನ್ನು ಬೆಲೆ ಮಾತಾಡುವಾಗಲೇ ಸೇರಿಸಿ. ಕೊಳ್ಳುವ ಮೊದಲು ಎರಡು ಪದರ ತೆಳು ಕಾಟನ್ ಮತ್ತು ನಾಲ್ಕು ಪದರ ಜೀನ್ಸ್ ಎರಡರಲ್ಲೂ ಹೊಲಿದು ನೋಡಿ. ಸೂಜಿಯ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಆಡಿದರೆ ಬೇಡ. ಮೇಲಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಾಣಬೇಕು. ಮನೆ ಮಷಿನ್ನಿನ ಎಚ್‌ಎ×1 ಸೂಜಿಯ ಬುಡ ಒಂದು ಕಡೆ ಚಪ್ಪಟೆ, ಇಂಡಸ್ಟ್ರಿಯಲ್ ಡಿಬಿ×1 ಸೂಜಿಯ ಬುಡ ದುಂಡು. ಒಂದಕ್ಕೊಂದು ಆಗುವುದಿಲ್ಲ. ಕ್ಲಚ್ ಮೋಟರ್ ಇದ್ದರೆ ತೆಗೆಸಿ ಸರ್ವೋ ಮೋಟರ್ ಹಾಕಿಸಿ. ಕ್ಲಚ್ ಮೋಟರ್ ನೀವು ಕಾಲು ತೆಗೆದರೂ ತಿರುಗುತ್ತಲೇ ಇರುತ್ತದೆ, ಸರ್ವೋ ಹೊಲಿಯುವಾಗ ಮಾತ್ರ.

ಕೆಜಿ ಲೆಕ್ಕದ ಜೀನ್ಸ್ ಚೂರು ತಂದು ಕೈಚೀಲ ಮಾಡುವವರಿಗೆ ಅಳತೆ: ಹೊರಗಿನ ಬಟ್ಟೆ 15×17 ಇಂಚಿನ ಎರಡು ತುಂಡು, ಒಳಗಿನ ಲೈನಿಂಗ್ 15×15 ಎರಡು, ಹಿಡಿಕೆಗೆ 4×24 ಎರಡು. ಪಕ್ಕ ಮತ್ತು ತಳಕ್ಕೆ ಅರ್ಧ ಇಂಚು ಹೊಲಿಗೆ, ಬಾಯಿಗೆ ಅರ್ಧ ಮತ್ತು ಒಂದು ಇಂಚಿನ ಎರಡು ಮಡಿಕೆ, ಲೈನಿಂಗಿನ ಮೇಲಂಚು ಆ ಮಡಿಕೆಯೊಳಗೆ. ಹಿಡಿಕೆಯನ್ನು ನಾಲ್ಕು ಮಡಿಕೆಯಲ್ಲಿ ಒಂದು ಇಂಚಿಗೆ ಇಳಿಸಿ, ಬಾಯಿಯ ಮಡಿಕೆಯಲ್ಲಿ ಸಿಕ್ಕಿಸಿ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿಯಿರಿ. ಮುಗಿದ ಚೀಲ 14×15. ನೀಲಿ ಬಿಡುವ ಜೀನ್ಸನ್ನು ಮೊದಲು ಎರಡು ಮೂರು ನೀರು ಹಿಂಡಿ, ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಇಳಕಲ್ ಖಣದ ಜೇಬು ಅದಕ್ಕೆ ಹಚ್ಚಬೇಡಿ. ಆನೆಗೊಂದಿ, ಅಂಜನಾದ್ರಿ, ಹಂಪಿ ಕಡೆ ಪ್ರವಾಸಿಗರು ಹೆಚ್ಚುವ ಅಕ್ಟೋಬರ್‌ನಿಂದ ಫೆಬ್ರುವರಿ ಮತ್ತು ಜನವರಿಯ ಕೊಪ್ಪಳ ಗವಿಮಠದ ಜಾತ್ರೆ ಇಂಥ ಸರಕಿಗೆ ಕಾಲ. ಹತ್ತೇ ಚೀಲ ಮಾಡಿ, ಅವು ಹೋದ ಮೇಲೆ ಮುಂದಿನ ಹತ್ತು.

ಕೌದಿ, ಕುಚ್ಚು: ಮಷಿನ್ ಮುಂದೆ ಕೂರಲಾಗದ ದಿನಗಳಿಗೆ

ಬಾಣಂತನ, ಬೆನ್ನುನೋವು, ಹಿರಿಯರ ಆರೈಕೆ ಬಂದಾಗ ಮಷಿನ್ ಕೆಲಸ ನಿಂತರೂ ಕೈಕೆಲಸ ಅರ್ಧರ್ಧ ತಾಸಿನ ತುಂಡುಗಳಲ್ಲಿ ಸಾಗುತ್ತದೆ. ಸೀರೆ ಕುಚ್ಚು ಎಲ್ಲರಿಗೂ ಗೊತ್ತು. ಕೂಸಿನ ಕೌದಿಯನ್ನು ಮಾರುವ ಸರಕೆಂದು ನೋಡಿದವರು ಕಡಿಮೆ.

30×40 ಇಂಚು ಸಾಕು. ಮೇಲೆ ಬ್ಲೌಸ್ ಮತ್ತು ಲೈನಿಂಗಿನ ಕಾಟನ್ ಚೂರು ಜೋಡಿಸಿದ ಪದರ, ನಡುವೆ ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಕಾಟನ್ ಸೀರೆ ಎರಡು ಪದರ, ಕೆಳಗೆ ಮೆತ್ತನೆಯ ಧೋತರ. ಪಾಲಿಯೆಸ್ಟರ್ ಚೂರು ಬೇಡ, ಕೂಸು ಬೆವರುತ್ತದೆ. ಅರ್ಧ ಇಂಚಿಗೊಂದು ಸಾಲು ಎಂದರೆ 60 ಸಾಲು, ಒಂದೆಳೆ ದಾರ 65ರಿಂದ 70 ಮೀಟರ್. ಸಾಲಿಗೆ ಎಂಟು ನಿಮಿಷ ಹಿಡಿದರೆ ಎಂಟು ತಾಸು. ನಾಲ್ಕೂ ಪದರವನ್ನು ಮೊದಲು ಅಂಗೈ ಅಗಲಕ್ಕೊಂದರಂತೆ ಕಚ್ಚಾ ಹೊಲಿಗೆಯಿಂದ ಹಿಡಿಯದಿದ್ದರೆ ಕೊನೆಗೆ ಒಂದು ಮೂಲೆ ಉಬ್ಬಿ ನಿಲ್ಲುತ್ತದೆ.

ನಲವತ್ತು ದಾಟಿದವರಿಗೆ ಸೂಜಿಗೆ ದಾರ ಪೋಣಿಸಲು ಕಷ್ಟವಾಗತೊಡಗಿದರೆ ಕಣ್ಣು ತೋರಿಸಿ ಹತ್ತಿರದ ಕನ್ನಡಕ ಮಾಡಿಸಿ, ಮಷಿನ್ ತಲೆಗೆ ಎಲ್‌ಇಡಿ ಹಚ್ಚಿ.

ಕರೆಂಟು, ಬಿಸಿಲು, ಧೂಳು

ತಿಂಗಳಿಗೆ 26 ದಿನದ ಲೆಕ್ಕ: 100 ವ್ಯಾಟ್ ಮೋಟರ್ ದಿನಕ್ಕೆ ಆರು ತಾಸು, ಸುಮಾರು 16 ಯೂನಿಟ್, 75 ವ್ಯಾಟ್ ಫ್ಯಾನ್ ಎಂಟು ತಾಸು, ಮತ್ತೆ 16, ಇಸ್ತ್ರಿ 13, ದೀಪ 3. ಒಟ್ಟು 48ರ ಆಸುಪಾಸು. ಉಚಿತ ಕರೆಂಟಿನ ಗೃಹಜ್ಯೋತಿಯ ಗರಿಷ್ಠ ಮಿತಿ 200 ಯೂನಿಟ್, ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದು. ಬೇಸಿಗೆಯಲ್ಲಿ ಕೂಲರ್ ಓಡುವ ಮನೆಗಳು ಗಡಿಯಲ್ಲೇ ಇರುತ್ತವೆ. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿ, ಇಸ್ತ್ರಿ ದಿನಕ್ಕೊಮ್ಮೆ ಒಟ್ಟಿಗೆ ಮಾಡಿದರೆ ಹತ್ತು ಹದಿನೈದು ಯೂನಿಟ್ ಉಳಿಯುತ್ತದೆ. ಮೂರು ನಾಲ್ಕು ಮಷಿನ್ ಹಾಕಿ ಹೆಂಗಸರನ್ನು ಕೆಲಸಕ್ಕೆ ಕೂರಿಸುವ ಯೋಚನೆ ಇದ್ದರೆ ಪ್ರತ್ಯೇಕ ಸಂಪರ್ಕದ ಬಗ್ಗೆ ಜೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿ.

12 ವೋಲ್ಟಿನ 150 ಎಎಚ್ ಬ್ಯಾಟರಿ ಹೆಸರಿಗೆ 1,800 ವ್ಯಾಟ್ ತಾಸು. ಬ್ಯಾಟರಿ ಕೆಡದಂತೆ ಬಳಸಬಹುದಾದದ್ದು ಅದರ ಅರ್ಧಕ್ಕಿಂತ ಕಡಿಮೆ ಎಂದು ಹಿಡಿಯಿರಿ. ಮೋಟರ್, ಬಿಎಲ್‌ಡಿಸಿ ಫ್ಯಾನ್, ದೀಪ ಸೇರಿ 150 ವ್ಯಾಟ್ ಆದರೆ ಐದು ತಾಸು ಸಿಗುತ್ತದೆ. ಇಸ್ತ್ರಿಯನ್ನು ಅದಕ್ಕೆ ಹಚ್ಚಬೇಡಿ. ಕಾಲಿನ ಪೆಡಲ್ ಮತ್ತು ಬೆಲ್ಟನ್ನು ಎಸೆಯಬೇಡಿ, ಕರೆಂಟಿಲ್ಲದ ದಿನ ಅದೇ ಗತಿ.

ಗಣಿ ಕಡೆಯ ಕೆಂಧೂಳು ಎಣ್ಣೆಗೆ ಅಂಟಿ ಮಷಿನ್ನಿನೊಳಗೆ ಕೆಸರಾಗುತ್ತದೆ. ವಾರಕ್ಕೊಮ್ಮೆ ಪ್ಲೇಟು ಬಿಚ್ಚಿ ಹಲ್ಲಿನ ನಡುವಿನ ನಾರು, ಧೂಳು ಬ್ರಷ್‌ನಿಂದ ತೆಗೆದು, ಆಮೇಲೆ ಒಂದೊಂದೇ ಹನಿ ಮಷಿನ್ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಿದರೆ ಜಿಗಟಾಗಿ ಹಿಡಿಯುತ್ತದೆ. ಸ್ಟೀಮ್ ಇಸ್ತ್ರಿಗೆ ಬೋರ್ ನೀರು ಹಾಕಿದರೆ ತೂತುಗಳು ಸುಣ್ಣಗಟ್ಟಿ, ಬಿಳಿ ಕಲೆ ರೇಷ್ಮೆಯ ಮೇಲೆ ಬೀಳುತ್ತದೆ. ಶುದ್ಧ ನೀರಿನ ಘಟಕದ ಕ್ಯಾನಿನಿಂದ ಒಂದು ಲೋಟ ಸಾಕು.

ರೇಟು, ಅಡ್ವಾನ್ಸ್, ಉದ್ರಿ

ರೇಟು ಏರಿಸುವುದು ಯುಗಾದಿಗೆ ಇಲ್ಲವೆ ದೀಪಾವಳಿಯ ನಂತರ, ಹದಿನೈದು ದಿನ ಮುಂಚೆ ಹಲಗೆ ಬರೆದು. "ಯಾಕ್ರೀ ಅಕ್ಕಾರ, ರೇಟ್ ಏರಿಸೀರಿ?" ಎಂದರೆ ಲೈನಿಂಗ್ ಮೀಟರಿನ ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ತೋರಿಸಿ. ವಾದ ಅಲ್ಲಿಗೇ ನಿಲ್ಲುತ್ತದೆ. ಮಗ್ಗಂಗೆ ಸಾಮಾನಿನ ಪೂರ್ತಿ ಹಣ ಮುಂಗಡ ಬರಬೇಕು, ಹೊಲಿಗೆಗೆ ಅರ್ಧ. ಸುಗ್ಗಿಯ ಮೇಲೆ ಕೊಡುವ ಖಾಯಂ ಮನೆಗಳಿಗೆ ಉದ್ರಿ ಕೊಡದೆ ಇರಲಾಗದು, ಆದರೆ ಹಿಂದಿನ ಬಾಕಿ ತೀರದೆ ಹೊಸ ಬಟ್ಟೆ ಹಿಡಿಯಬೇಡಿ. ಹೊಲಿದಿಟ್ಟು ಒಯ್ಯದ ಬಟ್ಟೆಗೆ ದಿನಾಂಕದ ಚೀಟಿ ಹಚ್ಚಿ, ತಿಂಗಳಿಗೊಮ್ಮೆ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿ.

ಬೆಂಗಳೂರು, ಹೈದರಾಬಾದಿನಲ್ಲಿ ಕೆಲಸಕ್ಕಿರುವ ಊರಿನ ಹುಡುಗಿಯರು ಒಳ್ಳೆಯ ಗಿರಾಕಿಗಳು. ಫೋನಿನಲ್ಲಿ ಅಳತೆ ಕೇಳಬೇಡಿ. ಸರಿಯಾಗಿ ಕೂರುವ ಒಂದು ಜಂಪರನ್ನು (ಬ್ಲೌಸನ್ನು) ಅಂಚೆಯಲ್ಲಿ ತರಿಸಿ, ಅದರ ಅಳತೆಯನ್ನು ಪುಸ್ತಕಕ್ಕೆ ಬರೆದು ಹಿಂತಿರುಗಿಸಿ. ಪಕ್ಕಕ್ಕೆ ಒಂದೂವರೆ ಇಂಚು ಬಿಟ್ಟಿರಬೇಕು, ಲೈನಿಂಗನ್ನು ರಾತ್ರಿಯಿಡೀ ನೆನೆಸಿ ಒಣಗಿಸಿರಬೇಕು. ನೆನೆಸದ ಕಾಟನ್ ಲೈನಿಂಗ್ ಮೊದಲ ಒಗೆತಕ್ಕೆ ಕುಗ್ಗಿ ಮೇಲಿನ ಬಟ್ಟೆಯನ್ನು ಎಳೆಯುತ್ತದೆ, ದೂರದ ಗಿರಾಕಿ ಮತ್ತೆ ಬರುವುದಿಲ್ಲ.

ಸಾಲ, ನೋಂದಣಿ, ತೆರಿಗೆ

ಕುಶಲಕರ್ಮಿಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಸೇರಿದೆ. ತರಬೇತಿಯ ದಿನಕ್ಕೆ ₹500, ಉಪಕರಣಕ್ಕೆ ₹15,000ದ ವೋಚರ್, ಮೊದಲ ಹಂತದಲ್ಲಿ ₹1 ಲಕ್ಷದ ತನಕ 18 ತಿಂಗಳ ಸಾಲ, ಅದು ತೀರಿದ ಮೇಲೆ ₹2 ಲಕ್ಷದ ತನಕ. ಬಡ್ಡಿ ಶೇ 5. ಕುಟುಂಬಕ್ಕೆ ಒಬ್ಬರು ಮಾತ್ರ, ಸರ್ಕಾರಿ ನೌಕರರ ಮನೆಯವರಿಗೆ ಇಲ್ಲ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ ₹3 ಲಕ್ಷದ ತನಕ ಬ್ಯಾಂಕ್ ಸಾಲಕ್ಕೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50, ಉಳಿದವರಿಗೆ ಶೇ 30 ಸಹಾಯಧನ. ಮಂಜೂರಾತಿ ಕೈಗೆ ಬರುವ ತನಕ ಅಂಗಡಿಯಿಂದ ಕೊಟೇಷನ್ ಮಾತ್ರ ತನ್ನಿ, ಮಷಿನ್ ತರಬೇಡಿ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸರ್ಕಾರದ ತಾಣದಲ್ಲಿ ಪೂರ್ತಿ ಉಚಿತ. ಶುಲ್ಕ ಕೇಳುವ ತಾಣ ನಕಲಿ ಎಂದು ತಿಳಿಯಿರಿ.

ಕಂತಿನ ಲೆಕ್ಕವನ್ನು ಖಾಲಿ ತಿಂಗಳ ಗಳಿಕೆಯ ಮೇಲೆ ಹಾಕಬೇಕು. ಆಷಾಢದಲ್ಲಿ ಖರ್ಚು ಕಳೆದು ಉಳಿಯುವುದರ ಮೂರನೇ ಒಂದು ಭಾಗಕ್ಕಿಂತ ಕಂತು ಹೆಚ್ಚಿದ್ದರೆ ಆ ಮಷಿನ್ ಈ ವರ್ಷದ್ದಲ್ಲ.

ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ಸರಕು ಮಾರಾಟಕ್ಕೆ ₹40 ಲಕ್ಷ, ಹೊಲಿಗೆ ಕೂಲಿಯಂಥ ಸೇವೆಗೆ ₹20 ಲಕ್ಷ. ಮನೆ ಟೇಲರಿಗೆ ಇದು ದೂರದ ಮಾತು. ಆದರೂ 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಸಂಘದ ಹಣ, ಚೀಟಿ ಹಣ, ತಮ್ಮನ ಸಂಬಳ ಎಲ್ಲ ಒಂದೇ ಖಾತೆಗೆ ಬರುತ್ತಿದ್ದರೆ ಯಾವುದು ಹೊಲಿಗೆಯದು ಎಂದು ತೋರಿಸುವುದು ಕಷ್ಟ. ಹಲಗೆಯ ಪಕ್ಕದ ಕ್ಯುಆರ್ ಕೋಡಿಗೆ ಬೇರೆಯದೇ ಖಾತೆ ತೆರೆಯಿರಿ. ಚೀಲ, ಕೌದಿಗಳನ್ನು ಆನ್‌ಲೈನ್ ತಾಣಗಳಲ್ಲಿ ಮಾರುವವರು 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಮಾರಬಹುದು. ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್ಲಿನಲ್ಲಿ ದಾಖಲಾತಿ ಸಂಖ್ಯೆ ಪಡೆಯಬೇಕು, ಮಾರಾಟ ಕರ್ನಾಟಕದೊಳಗೆ ಮಾತ್ರ. ಮಂತ್ರಾಲಯ, ಆದೋನಿ, ಕರ್ನೂಲಿನ ಗಿರಾಕಿ ಆ ತಾಣದ ಮೂಲಕ ಕೇಳಿದರೆ ಆಗುವುದಿಲ್ಲ. ಅಲ್ಲಿಗೂ ಆನ್‌ಲೈನಿನಲ್ಲಿ ಕಳಿಸಬೇಕೆಂದರೆ ಮೊತ್ತ ಎಷ್ಟೇ ಇರಲಿ ಮೊದಲು ನೋಂದಣಿ ಮಾಡಿಸಬೇಕು.